ಹಂಗಾಮಿ ಕೋಚ್

ದಾಂಡಿಗ ಎಂದೇ ಎಲ್ಲರೂ ಕರೆಯುತ್ತಿದ್ದವನನ್ನು ರಾಷ್ಟ್ರೀಯ ಫುಟ್‌ಬಾಲ್ ತಂಡದ ಹಂಗಾಮಿ ಕೋಚ್ ಎಂದು ನೇಮಿಸಿದ್ದು ಅದು ಮೂರನೇ ಸಲ. ತಂಡ ಸೋತು ಸುಣ್ಣವಾದಾಗಲೆಲ್ಲ ಫುಟ್‌ಬಾಲ್ ಫೆಡರೇಶನ್ನಿನವರಿಗೆ ಅವನ ನೆನಪಾಗುತ್ತಿತ್ತು. ಅವನು ಬಂದು, ಬೈದು, ಓಡಿಸಿ, ಆಟಗಾರರ ಬೆವರಿಳಿಸಿ ತಂಡವನ್ನು ಕಾಲ ಮೇಲೆ ನಿಲ್ಲಿಸುತ್ತಿದ್ದ. ನಿಂತದ್ದೇ ತಡ, ಇನ್ನೊಬ್ಬ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಮೊದಲನೇ ಸಲ ಯಾವುದೋ ದೊಡ್ಡ ದೇಶದಿಂದ ಕೋಚ್ ತರಿಸಿದರು. ಅವನಿಗೆ ಆಟಗಾರರ ಹೆಸರು ಬಾಯಿಪಾಠವಾಗುವುದರೊಳಗೆ ತಂಡ ಮತ್ತೆ ಮಕಾಡೆ ಮಲಗಿತ್ತು. ಎರಡನೇ ಸಲ ಅಧ್ಯಕ್ಷರ ಷಡ್ಡಕನಿಗೆ ಕೊಟ್ಟರು. ಅದರ ಕತೆ ಹೇಳದಿರುವುದೇ ವಾಸಿ.

ಈ ಸಲ ಮಾತ್ರ ಕುರ್ಚಿ ತಪ್ಪುವ ಹಾಗಿರಲಿಲ್ಲ. ಐದು ಪಂದ್ಯದಲ್ಲಿ ನಾಲ್ಕು ಗೆಲುವು, ಒಂದು ಸಮ. ಎಂಟು ವರ್ಷದಿಂದ ಕೈಗೆಟುಕದ ದೊಡ್ಡ ಟೂರ್ನಿಗೆ ಇನ್ನೊಂದೇ ಪಂದ್ಯದ ದೂರ. ಆ ಪಂದ್ಯಕ್ಕೆ ಏಳು ವಾರ ಉಳಿದಿತ್ತು. ಫೆಡರೇಶನ್ನಿನ ಕಾರ್ಯದರ್ಶಿ ಫೋನ್ ಮಾಡಿ, "ಬುಧವಾರ ಹನ್ನೊಂದಕ್ಕೆ ಆಫೀಸಿಗೆ ಬಾ. ಕಾಯಂ ಕೋಚ್ ವಿಷಯ ತೀರ್ಮಾನ ಆಯ್ತು" ಅಂದ. ದಾಂಡಿಗ ಹೆಂಡತಿಗೆ ಹೇಳಿದ. ಹೆಂಡತಿ ತನ್ನ ಅಪ್ಪನಿಗೆ ಹೇಳಿದಳು. ಅಲ್ಲಿಗೆ ಮುಗಿಯಿತು. ಮಾವ ಮೂವತ್ತು ವರ್ಷ ಬಸ್ ಕಂಡಕ್ಟರಾಗಿ ಸ್ಟಾಪುಗಳನ್ನು ಕೂಗಿ ಕೂಗಿ ಗಂಟಲು ಪಳಗಿಸಿಕೊಂಡವರು. ಕೆಳಗಿನ ಬೇಕರಿಯಿಂದ ಬೀದಿ ಕೊನೆಯ ಕ್ಷೌರದಂಗಡಿಯವರೆಗೆ ಒಂದು ಬಾಗಿಲೂ ಬಿಡದೆ ಸುದ್ದಿ ಮುಟ್ಟಿಸಿದರು.

"ಅಳಿಯಂದ್ರೇ, ಕೋಟು ಹಾಕ್ಕೊಂಡೇ ಹೋಗಿ" ಎಂದರು ಬುಧವಾರ ಬೆಳಿಗ್ಗೆ. "ಫೋಟೋ ತೆಗೀತಾರೆ."

ಅವನು ಕೋಟು ಹಾಕಿಕೊಂಡೇ ಹೋದ.

ಕಾರ್ಯದರ್ಶಿಯ ಕೋಣೆಯಲ್ಲಿ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಕಿಟಕಿಯ ಪಕ್ಕದ ಸೋಫಾದಲ್ಲಿ ಹಳೆಯ ಕ್ಯಾಪ್ಟನ್ ಕೂತಿದ್ದ. ಒಂಬತ್ತು ವರ್ಷ ದಾಂಡಿಗನಿಗೆ ಚೆಂಡು ಒದಗಿಸಿದವನು ಅವನು. ಆಟ ಬಿಟ್ಟ ಮೇಲೆ ಟೀವಿಯಲ್ಲಿ ಕೂತು ಆಡುವವರ ತಪ್ಪು ಎಣಿಸುತ್ತಿದ್ದ. ಒಂದು ದಿನವಾದರೂ ಒಂದು ತಂಡಕ್ಕೂ ತರಬೇತಿ ಕೊಟ್ಟವನಲ್ಲ. ದಾಂಡಿಗನನ್ನು ನೋಡಿ ಅರ್ಧ ಎದ್ದು, ಮತ್ತೆ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿದ. ದಾಂಡಿಗನಿಗೆ ಆಗಲೇ ಅರ್ಥವಾಯಿತು.

"ನೋಡಪ್ಪ," ಅಂದ ಕಾರ್ಯದರ್ಶಿ, ಸ್ಟೇಪ್ಲರನ್ನು ಮೇಜಿನ ಮೇಲೆ ಆ ಕಡೆಯಿಂದ ಈ ಕಡೆ ಸರಿಸುತ್ತ. "ನಿನ್ನ ಕೆಲಸದ ಬಗ್ಗೆ ಯಾರಿಗೂ ಎರಡು ಮಾತಿಲ್ಲ. ಆದ್ರೆ ಇದು ದೊಡ್ಡ ಪಂದ್ಯ. ಜನಕ್ಕೆ ನಮ್ಮ ಮಣ್ಣಲ್ಲಿ ಹುಟ್ಟಿದವನೊಬ್ಬ ಮುಂದೆ ನಿಂತ್ರೆ ಸಮಾಧಾನ ಅಂತ ಅಧ್ಯಕ್ಷರ ಅಭಿಪ್ರಾಯ."

"ಹಾಗಾದ್ರೆ ನಾನು ಯಾರು ಸರ್?"

"ನೀನು ನಮ್ಮವನೇ. ಅದನ್ನ ಯಾರು ಇಲ್ಲ ಅಂದ್ರು? ಆದ್ರೆ..."

ಆ 'ಆದ್ರೆ'ಯನ್ನು ದಾಂಡಿಗ ಇಪ್ಪತ್ನಾಲ್ಕು ವರ್ಷದಿಂದ ಕೇಳುತ್ತ ಬಂದಿದ್ದ.

"ನಾನಾಗಿ ಕೇಳ್ಲಿಲ್ಲ ಮಾರಾಯ," ಅಂದ ಹಳೆಯ ಕ್ಯಾಪ್ಟನ್ ಕಿಟಕಿಗೆ. "ಅವರೇ ಕರೆದ್ರು."

ಸಿಟ್ಟು ದಾಂಡಿಗನಿಗೆ ಮೊದಲು ಕಿವಿಗೆ ಬರುತ್ತಿತ್ತು. ಕಿವಿ ಕಾದು, ಎದುರಿಗಿದ್ದವರ ಮಾತು ನೀರೊಳಗಿಂದ ಕೇಳಿದಂತೆ ಕೇಳುತ್ತಿತ್ತು. ಆ ನೀರೊಳಗಿಂದಲೇ ಉಳಿದದ್ದೂ ಕೇಳಿಸಿತು. ಅವನು ಸಹಾಯಕ ಕೋಚ್ ಆಗಿರಬೇಕು. ಮತ್ತೊಂದು ವಿಶೇಷ ಜವಾಬ್ದಾರಿಯೂ ಇದೆ. ಲೀಗಿನಲ್ಲಿ ಎರಡು ವರ್ಷದಿಂದ ಗೋಲಿನ ಮೇಲೆ ಗೋಲು ಹೊಡೆಯುತ್ತಿರುವ ಮಿಂಚುಳ್ಳಿ ಎಂಬ ಹುಡುಗನಿದ್ದಾನಲ್ಲ, ದಾಂಡಿಗನ ಹುಟ್ಟಿದ ದೇಶದವನೇ, ಅವನ ಕೈಲಿ ಇಲ್ಲಿನ ಪೌರತ್ವ ತೆಗೆಸಬೇಕು. ಏಳು ವಾರದೊಳಗೆ ಅವನು ರಾಷ್ಟ್ರೀಯ ತಂಡದ ಅಂಗಿ ಹಾಕಬೇಕು.

"ನಾವು ಹೇಳಿದ್ರೆ ಅನುಮಾನ ಪಡ್ತಾನೆ. ನೀನು ಅವನ ಕಡೆಯವನು. ನೀನು ಹೇಳಿದ್ರೆ ಕೇಳ್ತಾನೆ." ಕಾರ್ಯದರ್ಶಿ ದಪ್ಪನೆಯ ಒಂದು ಫೈಲನ್ನು ಮುಂದಕ್ಕೆ ತಳ್ಳಿದ. "ಅರ್ಜಿಗಳೆಲ್ಲ ಇದರಲ್ಲಿವೆ. ಎರಡು ಸಹಿ ಅಷ್ಟೇ."

ಇದೇ ಮಾತನ್ನು ಇದೇ ಮನುಷ್ಯ ಹದಿನೇಳು ವರ್ಷದ ಹಿಂದೆಯೂ ಹೇಳಿದ್ದ.

ಇಪ್ಪತ್ತೊಂದನೇ ವಯಸ್ಸಿಗೆ ಕಡಲು ದಾಟಿ ಬಂದಾಗ ದಾಂಡಿಗನ ಬ್ಯಾಗಿನಲ್ಲಿ ಎರಡು ಜೊತೆ ಬೂಟು, ಅಮ್ಮ ಹೆಣೆದ ಒಂದು ಸ್ವೆಟರು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅಮ್ಮ ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸದವಳು. ಅವನನ್ನು ಕರೆಸಿದ್ದು ಎರಡನೇ ದರ್ಜೆಯ ಒಂದು ಕ್ಲಬ್ಬು. ಅಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದ ಮುದುಕ ಸುಣ್ಣದ ಗೆರೆ ಎಳೆಯುತ್ತ ಎಳೆಯುತ್ತ ಅವನಿಗೆ ಇಲ್ಲಿನ ಭಾಷೆ ಕಲಿಸಿದ. ಮೊದಲು ಬೈಗುಳ, ಆಮೇಲೆ ಅಂಕಿ, ಕೊನೆಗೆ ಮರ್ಯಾದೆಯ ಮಾತು. ಮೊದಲ ಪಂದ್ಯದಲ್ಲೇ ಇಬ್ಬರು ರಕ್ಷಣಾ ಆಟಗಾರರನ್ನು ಹೆಗಲ ಮೇಲೆ ಹೊತ್ತುಕೊಂಡವನಂತೆ ನುಗ್ಗಿ ಗೋಲು ಹೊಡೆದ. ಗ್ಯಾಲರಿಯಿಂದ ಯಾರೋ "ಏ ದಾಂಡಿಗಾ!" ಎಂದು ಕೂಗಿದರು. ಹೆಸರು ಅಂಟಿಕೊಂಡಿತು. ಮೂರನೇ ವರ್ಷ ಮೊಣಕಾಲು ಊದಿ ಎಕ್ಸ್-ರೇ ತೆಗೆಸಲು ಹೋದಾಗ "ಅಲ್ಲಾಡಬೇಡಿ" ಎಂದು ಗದರಿದವಳನ್ನೇ ಮದುವೆಯಾದ. ಆ ಆಜ್ಞೆ ಮನೆಯಲ್ಲಿ ಇಂದಿಗೂ ಜಾರಿಯಲ್ಲಿದೆ.

ಅವನಿಗೆ ಇಪ್ಪತ್ತೆಂಟಾದಾಗ ಕಾರ್ಯದರ್ಶಿ, ಆಗಿನ್ನೂ ಸಹಾಯಕ ಕಾರ್ಯದರ್ಶಿ, ಕೇಕಿನ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ತಂಡದಲ್ಲಿ ಸ್ಟ್ರೈಕರ್ ಇಲ್ಲ, ಆರು ವಾರದಲ್ಲಿ ಪಂದ್ಯ ಇದೆ, ದೇಶ ನಿನ್ನನ್ನು ಕರೆಯುತ್ತಿದೆ ಎಂದ. ದಾಂಡಿಗನಿಗೆ ನಿಜಕ್ಕೂ ಎದೆ ತುಂಬಿ ಬಂದಿತ್ತು. ಸಹಿ ಹಾಕಿದ. ಹುಟ್ಟಿದ ದೇಶದ ರಾಯಭಾರ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ಒಪ್ಪಿಸಿದ. ಕಿಟಕಿಯ ಹಿಂದಿದ್ದವನು ಕತ್ತರಿಯಿಂದ ಅದರ ಮೂಲೆ ಕತ್ತರಿಸಿ ಟ್ರೇಗೆ ಹಾಕಿದ. ಇಲ್ಲಿನ ರಾಷ್ಟ್ರಗೀತೆಯನ್ನು ಮಗಳಿಗೆ ಜೋಗುಳದಂತೆ ಹಾಡಿ ಹಾಡಿ ಕಲಿತ. ಮೊದಲ ಪಂದ್ಯದಲ್ಲಿ ಎರಡು ಗೋಲು. 'ನಮ್ಮ ದಾಂಡಿಗ' ಎಂದು ಪತ್ರಿಕೆಗಳು ಬರೆದವು. ನಲವತ್ತೊಂದು ಪಂದ್ಯ, ಇಪ್ಪತ್ಮೂರು ಗೋಲು. ಸ್ಟೇಡಿಯಮ್ಮಿನ ಒಂದು ಗೇಟಿಗೆ ಅವನ ಹೆಸರಿಟ್ಟರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು. ಅಮ್ಮ ಮಾತಾಡುತ್ತಿಲ್ಲ, ಬೇಗ ಬಾ. ದಾಂಡಿಗ ಅದೇ ರಾಯಭಾರ ಕಚೇರಿಗೆ ಓಡಿದ. ಅದೇ ಕಿಟಕಿ. "ನೀವೀಗ ವಿದೇಶಿ," ಅಂದರು. "ವೀಸಾಕ್ಕೆ ಒಂಬತ್ತು ದಿನ." ಕೈಮುಗಿದ, ಕೂಗಾಡಿದ, ಬೆಂಚಿನ ಮೇಲೆ ಕೂತು ಅತ್ತ. ಅಮ್ಮ ಆರು ದಿನ ಬದುಕಿದಳು. ಏಳನೇ ದಿನ ಅಭ್ಯಾಸದ ಮೈದಾನದ ಕಾರು ನಿಲ್ಲಿಸುವ ಜಾಗದಲ್ಲಿ ನಿಂತು ಅವನು ಫೋನನ್ನು ಕಿವಿಗೊತ್ತಿಕೊಂಡಿದ್ದ. ಆ ಕಡೆ ಅಣ್ಣ ಗುಂಡಿಯ ಪಕ್ಕದಲ್ಲಿ ಫೋನ್ ಹಿಡಿದಿದ್ದ. ಗಾಳಿಯ ಸದ್ದು, ಗುದ್ದಲಿಯ ಸದ್ದು, ಯಾರದೋ ಕೆಮ್ಮು ಕೇಳಿಸಿತು. ಒಳಗೆ ಸೀಟಿ ಊದಿದರು. ಅವನು ಹೋಗಿ ಅಭ್ಯಾಸ ಮಾಡಿದ.

ಮತ್ತೆರಡು ವರ್ಷಕ್ಕೆ ಒಂದು ಪೆನಾಲ್ಟಿ ತಪ್ಪಿತು. ಚೆಂಡು ಅಡ್ಡಪಟ್ಟಿಗೆ ಬಡಿದು ಮೇಲಕ್ಕೆ ಹೋಯಿತು, ಅಷ್ಟೇ. ಮಾರನೇ ಬೆಳಿಗ್ಗೆ ಮನೆ ಎದುರಿನ ಅಂಗಡಿಯ ಶಟರಿನ ಮೇಲೆ 'ನಿನ್ನ ದೇಶಕ್ಕೆ ತೊಲಗು' ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಹೆಂಡತಿ ಟರ್ಪೆಂಟೈನ್ ಹಾಕಿ ಉಜ್ಜಿದಳು. ಮಾವ ಬೀದಿ ಮಧ್ಯೆ ನಿಂತು, ಬರೆದವನ ಏಳು ತಲೆಮಾರನ್ನು ಜಾಲಾಡಿದರು. ದಾಂಡಿಗ ಮಾತ್ರ ಆ ಅಕ್ಷರಗಳನ್ನೇ ನೋಡುತ್ತಿದ್ದ. ತೊಲಗುವುದಾದರೂ ಎಲ್ಲಿಗೆ?

ಫೈಲನ್ನು ಕಂಕುಳಲ್ಲಿಟ್ಟುಕೊಂಡು ಅವನು ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಕಾಯುತ್ತಿದ್ದರು. ಅವನ ಮುಖ ನೋಡಿ, ತಮ್ಮ ಜೀವಮಾನದಲ್ಲಿ ಬಹುಶಃ ಮೊದಲನೇ ಬಾರಿಗೆ ಏನೂ ಕೂಗದೆ ಪಕ್ಕಕ್ಕೆ ಸರಿದರು.

ಹೆಂಡತಿ ಡ್ಯೂಟಿಯಿಂದ ಬಂದವಳು ಅವನ ಎದುರು ಕೂತಳು. "ಒಪ್ಕೊಂಡು ಬಂದ್ಯಾ?"

"ಹೂಂ ಅಂದೆ."

"ಯಾಕೆ?"

"ಆಗ ಬಾಯಿ ತೆಗೆದಿದ್ರೆ ಏನು ಬರ್ತಿತ್ತೋ ಗೊತ್ತಿರಲಿಲ್ಲ."

ಅವನು ಅಡುಗೆಮನೆಯ ಮೇಜಿನ ಮೇಲೆ ಫೈಲ್ ಬಿಚ್ಚಿದ. ಫೆಡರೇಶನ್ನಿಗೆ ಹೊಸದಾಗಿ ಸೇರಿದ್ದ ಗುಮಾಸ್ತೆ ಬಹಳ ಅಚ್ಚುಕಟ್ಟಿನವಳು. ಸಂಬಂಧಪಟ್ಟ ಕಾಗದಗಳನ್ನೆಲ್ಲ ಒಂದೂ ಬಿಡದೆ ಮುದ್ರಿಸಿ, ನಂಬರು ಹಾಕಿ ಜೋಡಿಸಿದ್ದಳು. ನಾಲ್ಕನೆಯದು ದಾಂಡಿಗ ಎಂದೂ ನೋಡಿರದ ಒಂದು ಅರ್ಜಿ. ಅವನ ಹುಟ್ಟಿದ ದೇಶದ್ದು. ಬೇರೆ ದೇಶದ ಪೌರತ್ವ ಪಡೆಯುವವರು ಇದನ್ನು ತುಂಬಿದರೆ ಒಂದು ಕಾರ್ಡು ಕೊಡುತ್ತಾರೆ. ಆ ಕಾರ್ಡಿದ್ದವರು ವೀಸಾ ಇಲ್ಲದೆ, ಯಾವಾಗ ಬೇಕಾದರೂ, ಬದುಕಿರುವವರೆಗೂ ಬಂದು ಹೋಗಬಹುದು. ಕೆಳಗೆ ಎರಡು ಸೂಚನೆ. ಕಾರ್ಡು ಬರಲು ನಾಲ್ಕು ತಿಂಗಳು. ಪಾಸ್‌ಪೋರ್ಟ್ ಒಪ್ಪಿಸುವ ಮೊದಲೇ ಅರ್ಜಿ ಹಾಕಬೇಕು, ಆಮೇಲೆ ಹಾಕಿದರೆ ನಡೆಯುವುದಿಲ್ಲ.

ಪುಟದ ಮೂಲೆಯಲ್ಲಿ ಈ ಕಾರ್ಡು ಜಾರಿಗೆ ಬಂದ ವರ್ಷ ಅಚ್ಚಾಗಿತ್ತು. ದಾಂಡಿಗ ಬೆರಳು ಮಡಿಸಿ ಲೆಕ್ಕ ಹಾಕಿದ. ಮತ್ತೆ ಹಾಕಿದ. ಅವನು ಸಹಿ ಹಾಕಿದ್ದಕ್ಕಿಂತ ಮೂರು ವರ್ಷ ಮೊದಲು.

ಆ ಇಡೀ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಒಂದು ಅಡ್ಡಗೀಟು. ಪಕ್ಕದಲ್ಲಿ ಕಾರ್ಯದರ್ಶಿಯ ಸಣ್ಣ, ದುಂಡನೆಯ ಅಕ್ಷರ: 'ಇದು ಬೇಡ. ತಡ ಆಗುತ್ತೆ. ಹುಡುಗನಿಗೆ ತೋರಿಸಬೇಡಿ.'

"ಏನದು?" ಎಂದಳು ಹೆಂಡತಿ.

ಅವನು ಪುಟವನ್ನು ಅವಳ ಕಡೆ ತಿರುಗಿಸಿದ. ಅವಳು ಓದಿದಳು. ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಿಂದ ಓದಿದಳು. ಆರು ದಿನ, ಅವಳಿಗೂ ನೆನಪಿತ್ತು. ಆ ಆರು ದಿನ ಅವನು ಊಟ ಮಾಡಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಆಫೀಸು ತೆರೆಯುವುದಕ್ಕೂ ಮುಂಚೆಯೇ ಅವನು ಮೆಟ್ಟಿಲ ಮೇಲೆ ನಿಂತಿದ್ದ. ಕಾರ್ಯದರ್ಶಿ ಬಂದು ಬೀಗ ತೆಗೆದ. ಇವನು ಹಿಂದೆಯೇ ಒಳನುಗ್ಗಿ ನಾಲ್ಕನೇ ಅರ್ಜಿಯನ್ನು ಅವನ ಮೂಗಿನ ಮುಂದೆ ಹಿಡಿದ.

"ಇದು ನಿಮಗೆ ಆಗಲೂ ಗೊತ್ತಿತ್ತಾ?"

ಕಾರ್ಯದರ್ಶಿ ಕನ್ನಡಕ ಹಾಕಿಕೊಂಡ. ಕಾಗದವನ್ನೂ ನೋಡಿದ, ಇವನ ಮುಖವನ್ನೂ ನೋಡಿದ. ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ತೂಗಿನೋಡಿದ್ದು ಎದ್ದು ಕಾಣುತ್ತಿತ್ತು.

"ಕೂತ್ಕೋ ಮೊದ್ಲು."

"ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು. ಏನೀಗ? ಆರು ವಾರದಲ್ಲಿ ಪಂದ್ಯ ಇತ್ತು. ಹೇಳಿದ್ರೆ ನೀನು ನಾಲ್ಕು ತಿಂಗಳು ಕಾಯ್ತಿದ್ದೆ. ನೀನು ಕಾದಿದ್ರೆ ನಾವು ಸೋಲ್ತಿದ್ವಿ. ನಾನೇನು ನನ್ನ ಮನೆಗೆ ಮಾಡ್ಕೊಂಡ್ನಾ? ದೇಶದ ಕೆಲಸ ಅದು."

"ನಮ್ಮಮ್ಮ ಆರು ದಿನ ಕಾದ್ಲು ಸರ್."

"ಅದು ದುರದೃಷ್ಟ. ಆದ್ರೆ ನೀನು ಸಹಿ ಹಾಕ್ದಾಗ ನಿಮ್ಮಮ್ಮ ಚೆನ್ನಾಗೇ ಇದ್ರಲ್ಲಪ್ಪ. ಸಾಯ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?"

ದಾಂಡಿಗನ ಬಲಗೈ ಮೇಲೆದ್ದಿತು. ಅವನು ಎತ್ತಿದ್ದಲ್ಲ, ಅದೇ ಎದ್ದಿತು. ಕಾರ್ಯದರ್ಶಿ ಕುರ್ಚಿಯ ಹಿಂದಕ್ಕೆ ಹಾರಿ, ತಲೆಗೆ ಎರಡೂ ಕೈ ಅಡ್ಡ ಹಿಡಿದ. ಆ ಹಾರಿದ ವೇಗ ನೋಡಿ ದಾಂಡಿಗನಿಗೆ ಇನ್ನೊಂದು ವಿಷಯ ಹೊಳೆಯಿತು. ಈ ಮನುಷ್ಯ ಹದಿನೇಳು ವರ್ಷ ತನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಲೇ, ಇಂಥದೊಂದು ದಿನ ಬರುತ್ತದೆ ಎಂದು ಕಾಯುತ್ತಿದ್ದ. ತನ್ನಂಥವನು ಕೊನೆಗೆ ಕೈಯೆತ್ತುತ್ತಾನೆ ಎಂದೇ ನಂಬಿದ್ದ. ಅಷ್ಟು ಸುಲಭವಾಗಿ ಅವನನ್ನು ಸರಿ ಎನಿಸಿಕೊಡಲು ದಾಂಡಿಗನಿಗೆ ಮನಸ್ಸಾಗಲಿಲ್ಲ. ಕೈ ಇಳಿಸಿದ. ಕಾಗದವನ್ನು ಫೈಲಿಗೆ ಸೇರಿಸಿಕೊಂಡು ಹೊರಗೆ ಬಂದ.

ಮಿಂಚುಳ್ಳಿ ಟೈರು ಅಂಗಡಿಯೊಂದರ ಮೇಲಿನ ಕೋಣೆಯಲ್ಲಿದ್ದ. ನೀರಿಗೆ ಧುಮುಕುವ ಹಕ್ಕಿಯಂತೆ ಗಾಳಿಯಲ್ಲೇ ಬಾಗಿ ತಲೆಯಿಂದ ಗೋಲು ಹೊಡೆಯುತ್ತಿದ್ದುದರಿಂದ ಬಂದ ಹೆಸರು ಅದು. ವಯಸ್ಸು ಇಪ್ಪತ್ತೆರಡು. ಗ್ಯಾಸ್ ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು, ಕಿಟಕಿಯ ಸರಳಿಗೆ ಕಾಲುಚೀಲಗಳು ನೇತಾಡುತ್ತಿದ್ದವು. ದಾಂಡಿಗನನ್ನು ನೋಡಿ ಅವನ ಮುಖ ಊರಗಲವಾಯಿತು. ಇಬ್ಬರೂ ತಮ್ಮ ತಾಯಿನುಡಿಯಲ್ಲೇ ಮಾತಾಡಿದರು.

"ಬನ್ನಿ ಅಣ್ಣಾ! ನೀವು ಬರ್ತೀರಿ ಅಂತ ಫೋನ್ ಬಂದಿತ್ತು. ಎಲ್ಲಿ ಸಹಿ ಹಾಕ್ಬೇಕು ಹೇಳಿ."

"ಮೊದ್ಲು ಇದನ್ನ ಓದು."

ಹುಡುಗ ನಾಲ್ಕನೇ ಅರ್ಜಿ ಓದಿದ. ಪೆನ್ಸಿಲ್ ಅಕ್ಷರ ಅವನಿಗೆ ಓದಲು ಬರಲಿಲ್ಲ. ದಾಂಡಿಗ ಓದಿ ಅರ್ಥ ಹೇಳಿದ. ಕೇಳಿದ ಮೇಲೆ ಹುಡುಗನಿಂದ ಬಂದದ್ದು ದಾಂಡಿಗ ಎಣಿಸಿದ ಮಾತಲ್ಲ.

"ಅಂದ್ರೆ ನಾನು ಆ ಪಂದ್ಯ ಆಡಬಾರ್ದು ಅಂತೀರಾ?"

"ಕಾರ್ಡಿಗೆ ಮೊದ್ಲು ಅರ್ಜಿ ಹಾಕು, ಪೌರತ್ವ ಆಮೇಲೆ ಅಂತಿದೀನಿ."

"ನಾಲ್ಕು ತಿಂಗಳು ಅಣ್ಣಾ! ಅಷ್ಟರೊಳಗೆ ಎಲ್ಲ ಮುಗಿದಿರುತ್ತೆ. ನಿಮಗೇನು, ನೀವು ಆಡಿ ಮುಗಿಸಿದೀರಿ. ಗೇಟಿಗೆ ಹೆಸರೂ ಹಾಕಿಸ್ಕೊಂಡಿದೀರಿ." ಅವನು ಕಾಗದವನ್ನು ಹಾಸಿಗೆಯ ಮೇಲೆ ಎಸೆದ. "ನಿಮ್ಮನ್ನ ಕೋಚ್ ಮಾಡ್ಲಿಲ್ಲ ಅಂತ ಎಲ್ಲರಿಗೂ ಗೊತ್ತು. ಆ ಸಿಟ್ಟನ್ನ ನನ್ನ ತಲೆಗೆ ಯಾಕೆ ಕಟ್ತೀರಿ?"

ಮಾತು ಚುಚ್ಚಿತು. ಯಾಕೆಂದರೆ ಅದರಲ್ಲಿ ಒಂದು ಚೂರು ನಿಜವಿತ್ತು. ಟೈರು ಅಂಗಡಿಯ ಮುಂದೆ ಕಾರು ನಿಲ್ಲಿಸುವಾಗ, ಈ ಹುಡುಗ ಆಡದಿದ್ದರೆ ಕಾರ್ಯದರ್ಶಿಯ ಮುಖ ಹೇಗಾಗಬಹುದು ಎಂದು ನೆನೆದು ದಾಂಡಿಗ ಒಂದು ಕ್ಷಣ ಖುಷಿಪಟ್ಟಿದ್ದ. ಈಗ ಅದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ನಿಮ್ಮಮ್ಮ ಇದಾರಾ?" ಎಂದು ಕೇಳಿದ.

"ಇದಾರೆ. ಯಾಕೆ?"

ಆಗ ದಾಂಡಿಗ ಹೇಳಿದ. ಹೆಂಡತಿಯನ್ನು ಬಿಟ್ಟು ಯಾರಿಗೂ ಹೇಳಿರದ್ದನ್ನು, ನಿಂತೇ ಹೇಳಿದ. ಕಿಟಕಿಯ ಹಿಂದಿನವನು, ಆರು ದಿನ, ಕಾರುಗಳ ನಡುವೆ ನಿಂತದ್ದು, ಗುದ್ದಲಿಯ ಸದ್ದು. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಕೆಳಗೆ ಟೈರಿಗೆ ಗಾಳಿ ತುಂಬುತ್ತಿದ್ದವನು ಯಂತ್ರ ನಿಲ್ಲಿಸಿ ಮೇಲೆ ನೋಡಿದ.

"ನನಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೂ ನಾನು ನಿನ್ನ ಹಾಗೇ ಕಾಗದ ಎಸೀತಿದ್ನೋ ಏನೋ. ಎಸೆದಿದ್ರೆ ಅದು ನನ್ನ ತಪ್ಪಾಗ್ತಿತ್ತು. ಆ ತಪ್ಪು ಮಾಡೋ ಅಧಿಕಾರಾನೂ ನನ್ನಿಂದ ಕಿತ್ಕೊಂಡ್ರು. ನಿನಗೆ ಆ ಅಧಿಕಾರ ಇದೆ. ಯಾವುದು ಬೇಕೋ ಅದು ಮಾಡು."

ಫೈಲನ್ನು ಅಲ್ಲೇ ಇಟ್ಟು ಹೊರಟ. ಒಲೆಯ ಮೇಲೆ ನೀರು ಬತ್ತಿ, ಮೊಟ್ಟೆ ಪಟಪಟ ಸಿಡಿಯತೊಡಗಿತ್ತು. ಇಬ್ಬರಲ್ಲಿ ಯಾರೂ ಅತ್ತ ನೋಡಲಿಲ್ಲ.

ಮೂರು ದಿನ ಸುದ್ದಿಯೇ ಇರಲಿಲ್ಲ. ನಾಲ್ಕನೇ ದಿನ ಮಿಂಚುಳ್ಳಿ ರಾಯಭಾರ ಕಚೇರಿಗೆ ಹೋಗಿ ಕಾರ್ಡಿಗೆ ಅರ್ಜಿ ಹಾಕಿ ಬಂದ. ಅದು ಬರುವವರೆಗೆ ಪಾಸ್‌ಪೋರ್ಟ್ ಬಿಡುವುದಿಲ್ಲ ಎಂದು ಫೆಡರೇಶನ್ನಿಗೆ ಪತ್ರ ಬರೆದ. ಅದೇ ದಿನ ದಾಂಡಿಗ ಸಹಾಯಕ ಕೋಚ್ ಕೆಲಸ ತನಗೆ ಬೇಡ ಎಂದು ಒಂದೇ ಸಾಲಿನ ಕಾಗದ ಕಳಿಸಿದ.

ಆಮೇಲೆ ನಡೆದದ್ದು ನಿರೀಕ್ಷೆಯಂತೆಯೇ ನಡೆಯಿತು. ದಾಂಡಿಗ ಹುಡುಗನ ಕಿವಿಯೂದಿದ ಎಂದು ಪತ್ರಿಕೆಗೆ ಸುದ್ದಿ ಹೋಯಿತು. ತನ್ನ ಮೇಲೆ ಕೈ ಮಾಡಲು ಬಂದಿದ್ದ ಎಂದು ಕಾರ್ಯದರ್ಶಿ ಹೇಳಿಕೆ ಕೊಟ್ಟ. "ಅವರ ಕಡೆಯವರ ರಕ್ತ ಸ್ವಲ್ಪ ಬಿಸಿ" ಎಂದು ನಕ್ಕೂ ನಕ್ಕ. ಪಂದ್ಯ ಬಂತು. ಹಳೆಯ ಕ್ಯಾಪ್ಟನ್ ಗೆರೆಯ ಪಕ್ಕದಲ್ಲಿ ನಿಂತು ಟೀವಿಯಲ್ಲಿ ಮಾತಾಡುವಂತೆಯೇ ಕೈ ತಿರುವುತ್ತಿದ್ದ. ಏನು ಮಾಡಬೇಕೆಂದು ತಂಡಕ್ಕೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಒಂದು ಗೋಲಿನಿಂದ ಸೋತರು. ಸೋತ ಪಾಪವೆಲ್ಲ ದಾಂಡಿಗನ ತಲೆಗೆ ಬಂತು. ಬೇಕರಿಯವನು ಮುಖ ಕೊಟ್ಟು ಮಾತಾಡುವುದನ್ನು ನಿಲ್ಲಿಸಿದ. ಮಗಳಿಗೆ ಶಾಲೆಯಲ್ಲಿ ಯಾರೋ "ನಿಮ್ಮಪ್ಪ ದೇಶದ್ರೋಹಿ" ಎಂದರಂತೆ. ಅವಳು ಹೇಳಿದವನ ಟಿಫನ್ ಡಬ್ಬಿಯನ್ನು ಮೂರನೇ ಮಹಡಿಯಿಂದ ಕೆಳಕ್ಕೆ ಹಾಕಿದಳು. ಹೆಡ್‌ಮಾಸ್ಟರ ಮುಂದೆ ಕೂತು ಬೈಸಿಕೊಂಡು ಬಂದ ದಾಂಡಿಗ, ದಾರಿಯಲ್ಲಿ ಅವಳಿಗೆ ಐಸ್‌ಕ್ರೀಮ್ ಕೊಡಿಸಿದ.

ಒಂದು ದಿನ ಮಾವ ಕೆಂಡಾಮಂಡಲವಾಗಿ ಮನೆಗೆ ಬಂದರು. ಸ್ಟೇಡಿಯಮ್ಮಿನ ಗೇಟಿನಿಂದ ಹೆಸರಿನ ಫಲಕ ಕಳಚುತ್ತಿದ್ದಾರಂತೆ. ಇವರು ಹೋಗಿ ಏಣಿ ಹಿಡಿದು ಅಲ್ಲಾಡಿಸಿದ್ದಾರೆ.

"ಏಣಿ ಮೇಲಿರೋನು ಕೂಲಿಯವನು ಮಾವ. ಬಿದ್ದಿದ್ರೆ?"

"ಬೀಳೋ ಹಾಗೆ ಅಲ್ಲಾಡಿಸ್ಲಿಲ್ಲ ಅಳಿಯಂದ್ರೇ. ಹೆದರೋ ಹಾಗೆ ಅಲ್ಲಾಡಿಸ್ದೆ. ಮೂವತ್ತು ವರ್ಷ ನಿಂತ್ಕೊಂಡೇ ಕೆಲಸ ಮಾಡಿದೀನಿ, ಎಷ್ಟು ಅಲ್ಲಾಡಿದ್ರೆ ಬೀಳ್ತಾರೆ ಅಂತ ನಂಗೊತ್ತಿಲ್ವಾ?"

ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕರು.

ಶಿಸ್ತು ಸಮಿತಿಯ ವಿಚಾರಣೆಗೆ ಕರೆ ಬಂತು. ಉದ್ದನೆಯ ಮೇಜು, ಮೂವರು ಸದಸ್ಯರು, ಮೂರು ನೀರಿನ ಬಾಟಲಿ. ದಾಂಡಿಗನ ಮುಂದೆ ಬಾಟಲಿ ಇಟ್ಟಿರಲಿಲ್ಲ. ಮಧ್ಯದಲ್ಲಿದ್ದ ಹಿರಿಯ ವಕೀಲರು ಕೇಳಿದರು: "ಆಟಗಾರ ತಡ ಮಾಡೋ ಹಾಗೆ ನೀವು ಸಲಹೆ ಕೊಟ್ಟಿದ್ದು ನಿಜಾನಾ?"

"ನಿಜ."

"ವಿಷಾದ ಇದೆ ಅಂತ ಬರೆದುಕೊಟ್ರೆ ಇಲ್ಲಿಗೇ ಮುಗಿಸಬಹುದು."

ದಾಂಡಿಗ ಜೇಬಿನಿಂದ ನಾಲ್ಕನೇ ಅರ್ಜಿಯ ಪ್ರತಿ ತೆಗೆದ. "ಯಾರಾದ್ರೂ ಈ ಪೆನ್ಸಿಲ್ ಅಕ್ಷರ ಸ್ವಲ್ಪ ಗಟ್ಟಿಯಾಗಿ ಓದ್ತೀರಾ?"

ಯಾರೂ ಕೈ ಚಾಚಲಿಲ್ಲ. ಅವನೇ ಓದಿದ. 'ಹುಡುಗನಿಗೆ ತೋರಿಸಬೇಡಿ' ಎಂಬಲ್ಲಿ ಮೂವರೂ ಮೇಜಿನ ಮರ ನೋಡುತ್ತಿದ್ದರು.

"ನಾನು ಇಪ್ಪತ್ಮೂರು ಗೋಲು ಹೊಡೆದಿದೀನಿ ಅಂತ ಇಲ್ಲಿ ಹೇಳ್ಕೊಳ್ಳೋಕೆ ಬಂದಿಲ್ಲ," ಅಂದ. ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟ. "ಒಂದೂ ಹೊಡೀದೇ ಇದ್ರೂ ನನಗೆ ಇದನ್ನ ಹೇಳ್ಬೇಕಿತ್ತು. ನಾನು ನಿಮ್ಮ ರಾಷ್ಟ್ರಗೀತೆ ಹಾಡೋವಾಗ ನಿಮ್ಮ ಆಟಗಾರರು ಬರೀ ತುಟಿ ಅಲ್ಲಾಡಿಸ್ತಿದ್ರು. ಹದಿನೇಳು ವರ್ಷ ನಾನು ಗಟ್ಟಿಯಾಗಿ ಹಾಡಿದೀನಿ. ವಿಷಾದ ಬೇಕಿದ್ರೆ ನೀವೇ ಬರ್ಕೊಡಿ. ನಾನು ಇಸ್ಕೊಂಡು ಹೋಗ್ತೀನಿ."

ರಾಷ್ಟ್ರೀಯ ತಂಡದ ಯಾವ ಕೆಲಸಕ್ಕೂ ಅವನನ್ನು ಎರಡು ವರ್ಷ ಪರಿಗಣಿಸಬಾರದು ಎಂದು ತೀರ್ಪಾಯಿತು. ಪೆನ್ಸಿಲ್ ಅಕ್ಷರದ ಬಗ್ಗೆ ತೀರ್ಪಿನಲ್ಲಿ ಒಂದಕ್ಷರವಿರಲಿಲ್ಲ. ಕಾರ್ಯದರ್ಶಿ ತನ್ನ ಕುರ್ಚಿಯಲ್ಲೇ ಉಳಿದ. ಹೊಸ ಗುಮಾಸ್ತೆಯನ್ನು ಮಾತ್ರ ಬೇರೆ ವಿಭಾಗಕ್ಕೆ ಕಳಿಸಿದರು.

ಹೆಂಡತಿಯ ಎಕ್ಸ್-ರೇ ಕೋಣೆಗೆ ಆ ದಿನಗಳಲ್ಲಿ ಬೆರಳು ಮುರಿದುಕೊಂಡ ಒಬ್ಬ ಹೆಂಗಸು ಬಂದಿದ್ದಳು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವಳು. ಅಲ್ಲಿನ ಹೆಂಗಸರ ತಂಡದ ಗೋಲ್ ಕೀಪರ್. "ನಮಗೆ ಕೋಚಿಲ್ಲ ಮೇಡಮ್, ಅದಕ್ಕೇ ಬೆರಳು ಮುರೀತಿದೆ" ಎಂದಳಂತೆ. ಮೂರನೇ ದರ್ಜೆಯ ಲೀಗು. ಶಿಫ್ಟ್ ಮುಗಿಸಿ, ಮೈಯೆಲ್ಲ ಸಕ್ಕರೆಪುಡಿಯ ವಾಸನೆ ಹೊತ್ತು ಬರುವ ಹದಿನಾರು ಜನ. ಅವರ ಕೋಚಾಗಿ ಹೋದ ದಾಂಡಿಗ ಮೊದಲ ದಿನವೇ ಅವರಿಗೆ ಎಷ್ಟು ಬೈದನೆಂದರೆ, ಇಬ್ಬರು ಅತ್ತರು, ಒಬ್ಬಳು ತಿರುಗಿ ಬೈದಳು. ತಿರುಗಿ ಬೈದವಳನ್ನು ಕ್ಯಾಪ್ಟನ್ ಮಾಡಿದ.

ಐದನೇ ತಿಂಗಳು ಮಿಂಚುಳ್ಳಿಗೆ ಕಾರ್ಡು ಬಂತು. ಅದಾದ ಮೇಲೆ ಪ್ರಮಾಣವಚನ ತೆಗೆದುಕೊಂಡ. ಬೇರೊಂದು ಪಂದ್ಯದಲ್ಲಿ ರಾಷ್ಟ್ರೀಯ ತಂಡದ ಅಂಗಿ ಹಾಕಿ ಒಂದು ಗೋಲನ್ನೂ ಹೊಡೆದ. ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಅಭ್ಯಾಸಕ್ಕೆ ಮುಂಚೆ, ಹೆಂಗಸರೆಲ್ಲ ಟೀವಿಯ ಮುಂದೆ ಗುಂಪುಗೂಡಿದ್ದರು. ಪಂದ್ಯ ಮುಗಿದ ಮೇಲೆ ಹುಡುಗನ ಬಾಯಿಗೆ ಮೈಕು ಹಿಡಿದರು. "ಈ ದೇಶಕ್ಕೆ, ಫೆಡರೇಶನ್ನಿಗೆ, ಕಾರ್ಯದರ್ಶಿಯವರಿಗೆ ನನ್ನ ಧನ್ಯವಾದ" ಎಂದು ಅವನು ಹರಕುಮುರುಕು ಭಾಷೆಯಲ್ಲಿ ಹೇಳಿದ. ಪಕ್ಕದಲ್ಲೇ ನಿಂತಿದ್ದ ಕಾರ್ಯದರ್ಶಿ ಅವನ ಹೆಗಲ ಮೇಲೆ ಕೈ ಹಾಕಿದ.

ಕ್ಯಾಂಟೀನಿನಲ್ಲಿ ಎಲ್ಲರೂ ದಾಂಡಿಗನ ಮುಖ ನೋಡಿದರು.

"ನಿಮ್ಮ ಹೆಸರೇ ಎತ್ಲಿಲ್ಲ ಸರ್," ಎಂದಳು ಗೋಲ್ ಕೀಪರ್. ಅವಳಿಗೇ ಅವಮಾನವಾದಂತಿತ್ತು.

ದಾಂಡಿಗನ ಕಿವಿ ಕಾದಿತ್ತು. ಹುಡುಗ ಹಾಗಲ್ಲದೆ ಇನ್ನೇನು ಹೇಳಿಯಾನು, ಅವನು ಅಲ್ಲೇ ಬಾಳಬೇಕಲ್ಲ ಎಂದು ದಾಂಡಿಗನಿಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಬಂತು. ಹಿಂದಿನ ವಾರ ಅದೇ ಹುಡುಗ ಫೋನ್ ಮಾಡಿ, ಅಮ್ಮನ ಕಣ್ಣಿನ ಆಪರೇಷನ್ನಿಗೆ ಊರಿಗೆ ಹೋಗಿ ಎರಡು ದಿನ ಇದ್ದು ಬಂದೆ ಎಂದಿದ್ದ. ಮತ್ತೇನೋ ಹೇಳಲು ಹೋಗಿ ಫೋನ್ ಇಟ್ಟುಬಿಟ್ಟಿದ್ದ. ಅದನ್ನು ಇವರಿಗೆ ಹೇಳಲು ದಾಂಡಿಗನಿಗೆ ಮನಸ್ಸಾಗಲಿಲ್ಲ.

"ಅವನ ಗೋಲು ನೋಡಿದ್ರಾ, ಇಲ್ಲ ಮಾತು ನೋಡಿದ್ರಾ?" ಎಂದು ಗದರಿದ. "ಚೆಂಡು ಬರೋ ಮೊದಲೇ ಎಲ್ಲಿ ನಿಂತಿದ್ದ? ಯಾರು ಗಮನಿಸಿದ್ರಿ?"

ಯಾರೂ ಗಮನಿಸಿರಲಿಲ್ಲ. ಅವನು ಟೀವಿ ಆರಿಸಿ, ಮೇಜಿನ ಮೇಲಿದ್ದ ಲೋಟಗಳನ್ನೆಲ್ಲ ಎಳೆದುಕೊಂಡು, ಯಾವುದು ಗೋಲು, ಯಾರು ಎಲ್ಲಿ ಎಂದು ಸಾಲಾಗಿ ಇಡತೊಡಗಿದ. ಬಿಸ್ಕತ್ತು ಕಾರ್ಖಾನೆಯ ಹದಿನಾರು ಜನ ಸುತ್ತ ಬಗ್ಗಿ ನಿಂತರು. ಇನ್ನೂ ಚಹಾ ಮುಗಿಸಿರದ ಕ್ಯಾಪ್ಟನ್ ತನ್ನ ಲೋಟ ಬಿಟ್ಟುಕೊಡಲು ಒಪ್ಪಲಿಲ್ಲ. ಅದರ ಮೇಲೆ ಇಬ್ಬರಿಗೂ ಜೋರು ಜಗಳವಾಯಿತು.